ಚಂದದ ಫೋಟೋ ಬೇಡ, ಸತ್ಯದ ಫೋಟೋ ಸಾಕು

2023ರ ಮಳೆಗಾಲ. ಕಾಳುಮೆಣಸಿನ ಬಳ್ಳಿ ತುಂಡುಗಳನ್ನು 600 ತೊಟ್ಟೆಗಳಲ್ಲಿ ನೆಟ್ಟು ಮನೆಯ ಹಿಂದೆ ಹಸಿರು ನೆರಳುಬಲೆಯ ಅಡಿಯಲ್ಲಿ ಇಟ್ಟಿದ್ದೆ. ಚಿಗುರು ಬಂದಿತ್ತು. ಒಂದು ದಿನ ಮನೆಯವಳು ಹೇಳಿದಳು, "ಎಲೆ ಸ್ವಲ್ಪ ಹಳದಿಗೆ ತಿರುಗಿದ ಹಾಗೆ ಕಾಣ್ತದಲ್ಲಾ?" ನಾನು ಹೋಗಿ ನೋಡಿದೆ. ಹೌದೂ ಅನಿಸಿತು, ಅಲ್ಲವೂ ಅನಿಸಿತು. ಸಂಶಯ ಬೇಡ ಎಂದು ಅಲ್ಲೇ ನಿಂತು ಫೋನಲ್ಲಿ ನಾಲ್ಕು ಫೋಟೋ ಹೊಡೆದು, ನನಗೆ ಪರಿಚಯದ ಒಬ್ಬ ಅನುಭವಿಗಳಿಗೆ ಕಳಿಸಿದೆ. ಸಂಜೆ ಉತ್ತರ ಬಂತು: "ಸಸಿ ಒಳ್ಳೆ ಹಸಿರುಂಟು, ಚಿಂತೆ ಮಾಡ್ಬೇಡಿ."

ನಾನು ಚಿಂತೆ ಮಾಡಲಿಲ್ಲ. ಹನ್ನೆರಡು ದಿನ ಕಳೆದ ಮೇಲೆ ಎಲೆಗಳು ಉದುರತೊಡಗಿದವು. ಒಂದು ತೊಟ್ಟೆ ಎತ್ತಿ, ಅಂಗಳಕ್ಕೆ ತಂದು ಬಿಡಿಸಿದೆ. ಅಂಗಳದ ಬೆಳಕಿನಲ್ಲಿ ಎಲೆ ಅರಶಿನದ ಹಾಗೆ ಕಂಡಿತು. ನೀರು ಬಸಿಯದೆ ಬೇರು ಕೊಳೆತುಹೋಗಿತ್ತು. 600ರಲ್ಲಿ ಉಳಿದದ್ದು 190.

ಉತ್ತರ ಕೊಟ್ಟವರದ್ದು ತಪ್ಪಿಲ್ಲ. ಅವರು ನೋಡಿದ ಫೋಟೋದಲ್ಲಿ ಎಲೆ ನಿಜವಾಗಿಯೂ ಹಸಿರಾಗಿಯೇ ಇತ್ತು. ತಪ್ಪು ನನ್ನ ಫೋಟೋದ್ದು. ಅಂದಿನಿಂದ ನನಗೆ ಈ ವಿಷಯದ ಹುಚ್ಚು ಹಿಡಿದಿದೆ. ಕಲಿತದ್ದನ್ನು, ಅದರ ಜತೆಗೆ ನನ್ನ ಅಭಿಪ್ರಾಯವನ್ನೂ ಇಲ್ಲಿ ಹೇಳುತ್ತೇನೆ.

ಫೋನು ಬಣ್ಣ ಹಚ್ಚುತ್ತದೆ

ಆ ಫೋಟೋದಲ್ಲಿ ಎರಡು ಮೋಸ ನಡೆದಿತ್ತು. ಒಂದು, ಹಸಿರು ಬಲೆಯದ್ದು. ಅದರ ಮೂಲಕ ಇಳಿಯುವ ಬೆಳಕೇ ಹಸಿರು. ಅದರ ಅಡಿಯಲ್ಲಿ ಬಿಳಿ ಕಾಗದವೂ ಎಳೆ ಹಸಿರಾಗಿ ಕಾಣುತ್ತದೆ. ನಮ್ಮ ಕಣ್ಣು ಸ್ವಲ್ಪ ಹೊತ್ತಿಗೆ ಇದಕ್ಕೆ ಹೊಂದಿಕೊಂಡು ಬಿಡುವುದರಿಂದ ನಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾವೂ ಬೆಳಕಿನ ಬಣ್ಣವನ್ನು ಅಂದಾಜು ಮಾಡಿ ಸರಿಪಡಿಸಲು ನೋಡುತ್ತದೆ. ಇದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಸುತ್ತಲೂ ಎಲೆಯೇ ತುಂಬಿದ್ದರೆ ಹಸಿರು ಬೆಳಕಿನದ್ದೋ ಎಲೆಯದ್ದೋ ಎಂದು ಅದಕ್ಕೂ ತಿಳಿಯುವುದಿಲ್ಲ.

ಎರಡನೆಯದು ಫೋನಿನದ್ದೇ ಕಾರುಬಾರು. ಈಗಿನ ಹಲವು ಫೋನುಗಳು ಎದುರಿಗೆ ಇರುವುದು ಏನೆಂದು ತಾವೇ ಗುರುತಿಸಿ ಚಿತ್ರವನ್ನು ಚಂದ ಮಾಡುತ್ತವೆ. ಮುಖ ಕಂಡರೆ ನುಣುಪು ಮಾಡುತ್ತವೆ, ಆಕಾಶ ಕಂಡರೆ ನೀಲಿ ಏರಿಸುತ್ತವೆ, ಗಿಡ ಕಂಡರೆ ಹಸಿರು ಏರಿಸುತ್ತವೆ. ಪೇಟೆಯಿಂದ ಬಂದ ನೆಂಟರು ತೋಟದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೆ ಇದು ಒಳ್ಳೆಯದೇ. ಆದರೆ ಹಳದಿ ಎಲೆಗೆ ಹಸಿರು ಬಳಿದು ತೋರಿಸುವ ಯಂತ್ರ ಕೃಷಿಕನಿಗೆ ಯಾಕೆ?

ನನ್ನ ಮಾತಿನ ಸಾರ ಇಷ್ಟೇ. ಫೋನು ತಯಾರಿಸುವವರು ಚಂದ ಕಾಣುವ ಚಿತ್ರಕ್ಕಾಗಿ ತಯಾರಿಸುತ್ತಾರೆ. ನಮಗೆ ಬೇಕಾದ್ದು ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಚಿತ್ರ. ಇದು ತನ್ನಷ್ಟಕ್ಕೆ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಮೊದಲ ಕೆಲಸ, ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ ಎಐ, ಸೀನ್, ಬ್ಯೂಟಿ, ಫಿಲ್ಟರ್ ಎಂಬ ಹೆಸರಿನವು ಏನೇನಿವೆಯೋ ಎಲ್ಲ ಬಂದ್ ಮಾಡಿ. ಗೊತ್ತಾಗದಿದ್ದರೆ ಮನೆಯ ಮಕ್ಕಳ ಕೈಯಲ್ಲಿ ಮಾಡಿಸಿ. ಎರಡನೆಯದು, ಬಣ್ಣ ಮುಖ್ಯವಾದಾಗ ಎಲೆಯನ್ನು ನೆರಳುಬಲೆಯಿಂದ ಹೊರಗೆ ತಂದು ಫೋಟೋ ತೆಗೆಯಿರಿ. ಮೂರನೆಯದು, ಎಲೆಯ ಪಕ್ಕ ಒಂದು ಬಿಳಿ ಕಾಗದ ಇಡಿ. ಚಿತ್ರದಲ್ಲಿ ಕಾಗದ ಬಿಳಿಯಾಗಿ ಕಂಡರೆ ಎಲೆಯ ಬಣ್ಣವನ್ನೂ ನಂಬಬಹುದು. ಕಾಗದ ಹಸಿರೋ ಹಳದಿಯೋ ಆಗಿದ್ದರೆ, ನೋಡುವವರಿಗೆ ಎಷ್ಟು ಕಳೆದು ನೋಡಬೇಕೆಂದು ಗೊತ್ತಾಗುತ್ತದೆ. ಖರ್ಚು ಸೊನ್ನೆ.

36 ಚಿತ್ರದ ಕಾಲ

ನನ್ನಲ್ಲಿ ಮೊದಲು ಇದ್ದದ್ದು ರೋಲಿನ ಕ್ಯಾಮೆರಾ. ಒಂದು ರೋಲಿಗೆ 36 ಚಿತ್ರ. ಒಳ್ಳೆ ಯೋಗವಿದ್ದರೆ 37. ರೋಲು ಮುಗಿಯಲು ಒಂದು ಉಪನಯನ, ಒಂದು ಗೃಹಪ್ರವೇಶ, ಮತ್ತೆ ಒಂದು ಹಲಸಿನ ಹಣ್ಣು ಬೇಕಿತ್ತು. ತೊಳೆಸಲು ಪೇಟೆಗೆ ಹೋಗಬೇಕು, ವಾರ ಕಾಯಬೇಕು. ಪತ್ರಿಕೆಗೆ ಕಳಿಸುವುದಾದರೆ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಮೆತ್ತಗೆ ವಿವರ ಬರೆದು, ಮಡಚದ ಹಾಗೆ ನಡುವೆ ರಟ್ಟು ಇಟ್ಟು ಅಂಚೆಗೆ ಹಾಕುವುದು.

ಆ ಕಾಲ ಮತ್ತೆ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದೊಂದು ಚಿತ್ರಕ್ಕೂ ದುಡ್ಡು ಬೀಳುತ್ತಿದ್ದ ಕಾರಣ ಒತ್ತುವ ಮೊದಲು ಯೋಚಿಸುತ್ತಿದ್ದೆವು. ಬೆಳಕು ಎಲ್ಲಿಂದ ಬರುತ್ತದೆ? ಹಿಂದೆ ಏನುಂಟು? ಇದರಲ್ಲಿ ತೋರಿಸಬೇಕಾದ್ದು ಯಾವುದು? ಈಗ ಒತ್ತುವುದಕ್ಕೆ ದುಡ್ಡಿಲ್ಲ. ಹಾಗಾಗಿ 40 ಒತ್ತುತ್ತೇವೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ಯೋಚನೆ ಮಾಡಿ ತೆಗೆದ ನಾಲ್ಕು ಸಾಕು.

ಯಾವ ಕ್ಯಾಮೆರಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಉತ್ತರ: ನಿಮ್ಮ ಜೇಬಿನಲ್ಲಿ ಇರುವುದೇ ಆದೀತು.

ಅಂಗಡಿಯವರು ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ. 50, 108, 200 ಅಂತ. ಈ ಲೆಕ್ಕ ಏನು ನೋಡುವಾ. ಡಿಜಿಟಲ್ ಚಿತ್ರ ಎಂದರೆ ಚುಕ್ಕಿಗಳ ರಂಗೋಲಿ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರಲ್ಲಿ ಇದ್ದದ್ದು 100 ಅಡ್ಡ, 100 ಉದ್ದ, ಒಟ್ಟು 10,000 ಚುಕ್ಕಿ. ಕಪ್ಪು ಬಿಳುಪು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ತುಂಬಲು 23 ಸೆಕೆಂಡು ಹಿಡಿಯುತ್ತಿತ್ತು. ಈಗ 12 ಮೆಗಾಪಿಕ್ಸೆಲ್ ಎಂದರೆ 1 ಕೋಟಿ 20 ಲಕ್ಷ ಚುಕ್ಕಿ.

ನಮಗೆ ಎಷ್ಟು ಬೇಕು? ಪತ್ರಿಕೆಯಲ್ಲಿ ಅಚ್ಚು ಚೊಕ್ಕ ಬರಲು ಇಂಚಿಗೆ 300 ಚುಕ್ಕಿ ಬೇಕೆಂದು ಲೆಕ್ಕ. ಮೂರು ಇಂಚು ಅಗಲದ ಚಿತ್ರಕ್ಕೆ 900 ಸಾಕು. 12 ಮೆಗಾಪಿಕ್ಸೆಲಿನ ಚಿತ್ರದಲ್ಲಿ ಒಂದು ಬದಿಗೆ 4000 ಇರುತ್ತದೆ, ಅಂದರೆ 13 ಇಂಚಿಗೂ ಸಾಲುತ್ತದೆ. ಹಾಗಿರುವಾಗ ಬರೇ ಅಂಕಿ ನೋಡಿ ಹೊಸ ಫೋನು ಕೊಳ್ಳುವುದು ದಂಡ. ಆ ದುಡ್ಡಿಗೆ ಎರಡು ಲೋಡು ಹಟ್ಟಿಗೊಬ್ಬರ ತರಿಸಿ.

ಹವ್ಯಾಸಕ್ಕಾಗಿ ಹಕ್ಕಿ, ಚಿಟ್ಟೆ ತೆಗೆಯುವವರ ಮಾತು ಬೇರೆ. ದೂರದ ಹಕ್ಕಿಗೆ ದೊಡ್ಡ ಲೆನ್ಸೇ ಬೇಕು. ಫೋನಿನ ಪರದೆಯನ್ನು ಎರಡು ಬೆರಳಿನಲ್ಲಿ ಎಳೆದು ದೊಡ್ಡದು ಮಾಡಿದರೆ ಹೆಚ್ಚಿನ ಫೋನುಗಳಲ್ಲಿ ಇದ್ದ ಚುಕ್ಕಿಗಳೇ ಹಿಗ್ಗುತ್ತವೆ, ಹೊಸ ವಿವರ ಬರುವುದಿಲ್ಲ. ಅಂಥವರು ಕಡಿಮೆ ಬಳಸಿದ ಹಳೆ ಎಸ್‌ಎಲ್‌ಆರ್ ಕ್ಯಾಮೆರಾ ಸಿಕ್ಕಿದರೆ ನೋಡಬಹುದು. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಸು ಹಿಡಿಯುತ್ತದೆ, ನೆನಪಿಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಬೇಕು. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಮತ್ತೆ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಚರ್ಮದ ಚೀಲದಲ್ಲಿ ಕಪಾಟಿನೊಳಗೆ ಇಟ್ಟು ಮರೆತರೆ ನವರಾತ್ರಿಗೆ ತೆಗೆಯುವಾಗ ಒಳಗೆ ಜೇಡರ ಬಲೆಯ ಹಾಗೆ ಬೂಸು ಇರುತ್ತದೆ. ನನ್ನದು ಹೋದದ್ದು ಹಾಗೆಯೇ.

ಫೋನಿಗೆ ಬೇಕಾದ ಉಪಕರಣ ಒಂದೇ: ಹಳೆಯ ಮೆತ್ತಗಿನ ಹತ್ತಿಬಟ್ಟೆ. ಬೆವರು, ಎಣ್ಣೆ, ಸುಣ್ಣದ ಹುಡಿ ಮೆತ್ತಿದ ಲೆನ್ಸಿನಲ್ಲಿ ಎಂಥ ಫೋನಾದರೂ ಮಂಜು ಮಂಜು.

ಕೊಡೆ ತೆಗೆದುಕೊಂಡು ಹೋಗಿ

ಅಡಿಕೆ ತೋಟದಲ್ಲಿ ಫೋಟೋ ತೆಗೆಯುವ ಕಷ್ಟ ಗದ್ದೆಯವರಿಗೆ ಗೊತ್ತಿಲ್ಲ. ಮೇಲಿನಿಂದ ಸೋಗೆ ಎಡೆಯಲ್ಲಿ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಕಣ್ಣಿಗೆ ಅದು ತೊಂದರೆಯಲ್ಲ. ಆದರೆ ಚಿತ್ರದಲ್ಲಿ ಬಿಸಿಲು ಬಿದ್ದಲ್ಲಿ ಸುಣ್ಣ ಬಳಿದ ಹಾಗೆ, ನೆರಳಿನಲ್ಲಿ ಮಸಿ ಬಳಿದ ಹಾಗೆ. 2022ರಲ್ಲಿ ಎಲೆಚುಕ್ಕಿ ರೋಗದ ಗಲಾಟೆ ಜೋರಾಗಿದ್ದಾಗ ನಮ್ಮ ಗುಂಪಿಗೆ ಬಂದ ಎಷ್ಟೋ ಚಿತ್ರಗಳಲ್ಲಿ ರೋಗದ ಚುಕ್ಕಿ ಯಾವುದು, ಬಿಸಿಲಿನ ಚುಕ್ಕಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ.

ಇದಕ್ಕೆ ಮದ್ದು ಕೊಡೆ. ಎಲೆಯ ಮೇಲೆ ಕೊಡೆ ಹಿಡಿದು ಇಡೀ ಎಲೆಗೆ ಒಂದೇ ಸಮ ನೆರಳು ಮಾಡಿ. ಕಪ್ಪು ಕೊಡೆಯೇ ಆಗಬೇಕು, ಕೆಂಪು ನೀಲಿ ಕೊಡೆಯದ್ದು ಮತ್ತೆ ಬಣ್ಣದ ರಗಳೆ. ಮೋಡ ಮುಚ್ಚಿದ ದಿನ ಎಲ್ಲಕ್ಕಿಂತ ಒಳ್ಳೆಯದು. ಬಿಸಿಲಿದ್ದರೆ ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರ ಮೇಲೆ. ನಡು ಮಧ್ಯಾಹ್ನ ಬೇಡ.

ಚುಕ್ಕಿಯ ಸುತ್ತ ಹಳದಿ ಉಂಗುರ ಉಂಟೋ ಎಂದು ತೋರಿಸಬೇಕಾದರೆ ಇನ್ನೊಂದು ಉಪಾಯ. ಎಲೆಯನ್ನು ಆಕಾಶಕ್ಕೆ ಅಡ್ಡ ಹಿಡಿದು ಕೆಳಗಿನಿಂದ ಒಂದು ಚಿತ್ರ ತೆಗೆಯಿರಿ. ಬೆಳಕು ಎಲೆಯ ಮೂಲಕ ಹಾದು ಉಂಗುರ ಸ್ಪಷ್ಟ ಕಾಣುತ್ತದೆ.

ಮೇಲಿನ ಗೊನೆಯ ಚಿತ್ರ ಇದಕ್ಕೆ ವಿರುದ್ಧ. ಕೆಳಗೆ ನಿಂತು ತೆಗೆದರೆ ಹಿಂದಿನ ಆಕಾಶದ ಬೆಳಕಿಗೆ ಗೊನೆ ಕರ್ರಗೆ ಇದ್ದಿಲಿನ ಹಾಗೆ. ಪರದೆಯಲ್ಲಿ ಗೊನೆಯ ಮೇಲೆಯೇ ಬೆರಳು ಒತ್ತಿ, ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಜಾರಿಸಿದರೆ ಬೆಳಕು ಹೆಚ್ಚುತ್ತದೆ. ಆಕಾಶ ಬೆಳ್ಳಗಾಗಿ ಹೋಗಲಿ, ನಮಗೆ ಬೇಕಾದ್ದು ಗೊನೆ. ಗುಡ್ಡದ ತೋಟದವರಿಗೆ ಒಂದು ಅನುಕೂಲ ಉಂಟು. ಮೇಲಿನ ಅಗಳಿಂದ ಅಡ್ಡಕ್ಕೆ ತೆಗೆಯಬಹುದು. ಈಗ ದೋಟಿ ಬಂದ ಮೇಲೆ ಮರ ಹತ್ತುವುದೇ ಕಡಿಮೆಯಾಗಿ ಮೇಲೆ ಏನಾಗಿದೆ ಎಂದು ನೋಡುವವರಿಲ್ಲ. ಹತ್ತುವವರು ಬಂದ ದಿನ ಅವರ ಕೈಯಲ್ಲಿ ಫೋನು ಕೊಟ್ಟು, ಹಗ್ಗ ಕಟ್ಟಿ ಕೊಡಿ, ನಾಲ್ಕು ಚಿತ್ರ ತೆಗೆಸಿ.

ರೋಗಕ್ಕೆ ಐದು ಚಿತ್ರ

ಸಲಹೆ ಕೇಳುವಾಗ ನಾವು ಮಾಡುವ ದೊಡ್ಡ ತಪ್ಪೆಂದರೆ ಒಂದೇ ಚಿತ್ರ ಕಳಿಸಿ "ಇದು ಎಂತ ಮಾರಾಯ್ರೇ?" ಎಂದು ಕೇಳುವುದು. ಕೈಯ ಬೆರಳು ಒಂದನ್ನೇ ತೋರಿಸಿ ಜ್ವರಕ್ಕೆ ಮದ್ದು ಕೇಳಿದ ಹಾಗೆ. ನಾನೀಗ ಐದು ಚಿತ್ರದ ಕ್ರಮ ಇಟ್ಟುಕೊಂಡಿದ್ದೇನೆ.

ಒಂದು, ದೂರದಿಂದ. ಎಷ್ಟು ಗಿಡಕ್ಕೆ ಬಂದಿದೆ, ತಗ್ಗಿನಲ್ಲೋ ದಿಣ್ಣೆಯಲ್ಲೋ ಗೊತ್ತಾಗಬೇಕು. ಎರಡು, ಇಡೀ ಗಿಡ, ಬುಡದಿಂದ ತುದಿಯ ತನಕ. ಹಳದಿಯಾದದ್ದು ಮೇಲಿನ ಎಲೆಯೋ ಕೆಳಗಿನದ್ದೋ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಮೂರು, ರೋಗದ ಭಾಗ ಹತ್ತಿರದಿಂದ, ಪಕ್ಕದಲ್ಲಿ ಆರೋಗ್ಯದ ಎಲೆ, ಬಿಳಿ ಕಾಗದ, ಮತ್ತು ಮಕ್ಕಳ ಸ್ಕೇಲು ಅಥವಾ ಬೆಂಕಿಪೆಟ್ಟಿಗೆ. ಅಳತೆಗೆ ಏನೂ ಇಡದಿದ್ದರೆ ಸಾಸಿವೆಯಷ್ಟಿನ ಹುಳವೂ ಒಂದೇ, ಹಲಸಿನ ಬೀಜದಷ್ಟಿನ ಹುಳವೂ ಒಂದೇ. ನಾಲ್ಕು, ಎಲೆಯ ಅಡಿಭಾಗ. ಹುಳ ಕೂತುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಐದು, ಬುಡ ಮತ್ತು ಬೇರು. ನನ್ನ ಮೆಣಸಿನ ಸಸಿಯ ಬೇರಿನದ್ದು ಒಂದು ಚಿತ್ರ ಕಳಿಸಿದ್ದರೆ 400 ಸಸಿ ಉಳಿಯುತ್ತಿತ್ತೋ ಏನೋ.

ಹತ್ತಿರದ ಚಿತ್ರಕ್ಕೆ ಫೋನನ್ನು ಎಲೆಗೆ ತಾಗಿಸಬೇಡಿ. ಹೆಚ್ಚಿನ ಫೋನುಗಳಿಗೆ ಒಂದು ಗೇಣಿನ ಅರ್ಧಕ್ಕಿಂತ ಹತ್ತಿರ ಹೋದರೆ ಕಣ್ಣು ಮಂಜಾಗುತ್ತದೆ. ಸ್ವಲ್ಪ ಹಿಂದೆ ಬಂದು ತೆಗೆದು, ಆಮೇಲೆ ಬೇಕಾದಷ್ಟು ಭಾಗ ಕತ್ತರಿಸಿಕೊಳ್ಳಿ. ಮೊಣಕೈಯನ್ನು ಅಡಿಕೆ ಮರಕ್ಕೆ ಒತ್ತಿ ಹಿಡಿದು, ಉಸಿರು ಬಿಗಿ ಹಿಡಿದು ಒತ್ತಿದರೆ ಕೈ ನಡುಗುವುದಿಲ್ಲ. ಸಣ್ಣ ಹುಳಕ್ಕೆ ಫೋನಿನ ಮೇಲೆ ಕಚ್ಚಿಸುವ ಮ್ಯಾಕ್ರೋ ಲೆನ್ಸ್ ಸಿಗುತ್ತದೆ. ಅಗ್ಗದ್ದೇ ಸಾಕು.

ಕಳಿಸುವಾಗ ಇನ್ನೊಂದು ಸೂಕ್ಷ್ಮ ಉಂಟು. ವಾಟ್ಸಾಪಿನಲ್ಲಿ ಮಾಮೂಲು ಕ್ರಮದಲ್ಲಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ತೆಗೆದ ದಿನಾಂಕ, ಸ್ಥಳದ ವಿವರ ಚಿತ್ರದೊಳಗೆ ಅಡಗಿರುತ್ತದಲ್ಲ, ಅದೂ ಹೋಗುತ್ತದೆ. 2023ರಲ್ಲಿ ಎಚ್‌ಡಿ ಎಂಬ ಆಯ್ಕೆ ಬಂದಿದೆ, ಸ್ವಲ್ಪ ವಾಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಜತೆಗೆ ಎರಡು ಸಾಲು ಬರೆಯಿರಿ: ಗಿಡದ ಪ್ರಾಯ, ಯಾವಾಗಿನಿಂದ, ಏನು ಗೊಬ್ಬರ, ಏನು ಸಿಂಪಡಿಸಿದ್ದು. ಫೋಟೋಕ್ಕೆ ಬಾಯಿ ಇಲ್ಲ, ನಾವೇ ಹೇಳಬೇಕು.

ಬೇರೆಯವರ ಫೋಟೋ ನೋಡುವಾಗ

ತೆಗೆಯಲು ಕಲಿತವನಿಗೆ ಇನ್ನೊಂದು ಲಾಭ ಉಂಟು. ಬೇರೆಯವರ ಫೋಟೋದ ಮೋಸವೂ ಕಾಣಲು ಸುರುವಾಗುತ್ತದೆ.

ಕೆಲವು ವರ್ಷದ ಹಿಂದೆ ಫೋನಿಗೆ ಬಂದ ಒಂದು ಚಿತ್ರ ನೋಡಿ 25 ಹಣ್ಣಿನ ಸಸಿ ತರಿಸಿದೆ. ಗಿಡ ಸೊಂಟದೆತ್ತರ, ಹಣ್ಣು ತೆಂಗಿನಕಾಯಿಯಷ್ಟು. ಬಂದದ್ದು ಯಾವ ಜಾತಿಯೋ, ಈ ತನಕ ಹೂ ಬಿಟ್ಟಿಲ್ಲ. ಈಗ ಆ ಚಿತ್ರ ನೋಡಿದರೆ ನಗು ಬರುತ್ತದೆ. ಫೋನಿನ ಲೆನ್ಸು ಅಗಲ ನೋಟದ್ದು. ಹತ್ತಿರ ಇದ್ದದ್ದನ್ನು ದೊಡ್ಡದು ಮಾಡಿ, ದೂರದ್ದನ್ನು ಕುಗ್ಗಿಸುತ್ತದೆ. ಹಣ್ಣನ್ನು ಕ್ಯಾಮೆರಾದ ಮೂಗಿನ ಹತ್ತಿರ ಹಿಡಿದು, ಮನುಷ್ಯ ಒಂದು ಮಾರು ಹಿಂದೆ ನಿಂತರೆ ಲಿಂಬೆ ಕೂಡ ಮಾದಳವಾಗುತ್ತದೆ. ಮೀನು ಹಿಡಿದವರು ತೋರಿಸುವ ಕ್ರಮವೇ ಇದು.

ಹಾಗಾಗಿ ಸಸಿಗೆ ದುಡ್ಡು ಕೊಡುವ ಮೊದಲು ಕೇಳಿ: ಹಣ್ಣಿನ ಪಕ್ಕವೇ ಸ್ಕೇಲು ಇಟ್ಟ ಚಿತ್ರ ಉಂಟೋ? ಇಡೀ ಮರದ್ದು? ಅದೇ ಮರದ್ದು ಹೋದ ವರ್ಷದ್ದು? ಕೊಡಲಿಕ್ಕಾಗದಿದ್ದರೆ ದುಡ್ಡನ್ನೂ ಕೊಡಬೇಡಿ. ಚಿತ್ರವನ್ನು ಕಂಪ್ಯೂಟರೇ ಬಿಡಿಸಿ ಕೊಡುವ ಕಾಲ ಇದು. ಒಂದು ಹಿಂಗಾರಕ್ಕೆ ಸಾವಿರ ಕಾಯಿ ಬರೆಸಲು ಯಾರಿಗೂ ಶ್ರಮವಿಲ್ಲ. ಕೊನೆಗೆ ಹೋಗಿ ಮರ ಮುಟ್ಟಿ ನೋಡುವುದೇ ಗಟ್ಟಿ.

ಮೋಸ ಮಾಡುವವರನ್ನು ಬೈಯುವಾಗ ನಮ್ಮನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಒಳ್ಳೆ ಫಸಲಿನ ಮರದ್ದು ಮಾತ್ರ ಚಿತ್ರ ಹಾಕಿ, ಸತ್ತ ಸಾಲಿನದ್ದು ಮುಚ್ಚಿಡುವ ಅಭ್ಯಾಸ ನಮಗೂ ಉಂಟು. ಅದನ್ನು ನೋಡಿ ಇನ್ನೊಬ್ಬ ಕೃಷಿಕ ಸಾಲ ಮಾಡಿ ನೆಡುತ್ತಾನೆ. ಸೋತ ಗಿಡದ ಚಿತ್ರವನ್ನೂ ಧೈರ್ಯದಿಂದ ಹಾಕಿ. ಗೆದ್ದದ್ದಕ್ಕಿಂತ ಹೆಚ್ಚು ಪಾಠ ಅದರಲ್ಲಿ ಇರುತ್ತದೆ.

ದಾಖಲೆ

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತನೇ ತನ್ನ ಸರ್ವೆ ನಂಬ್ರದ ಬೆಳೆಯನ್ನು ಫೋಟೋ ಸಹಿತ ಆಪ್‌ನಲ್ಲಿ ಹಾಕುವ ಬೆಳೆ ಸಮೀಕ್ಷೆ ಬಂತು. "ಯಾರೋ ಬಂದು ಮಾಡ್ತಾರೆ" ಎಂದು ನಾವು ಸುಮ್ಮನೆ ಕೂತರೆ ಅಡಿಕೆ ಇದ್ದಲ್ಲಿ ಬೇರೆ ಏನೋ ನಮೂದಾಗಿ, ಆಮೇಲೆ ಕಚೇರಿಗೆ ಅಲೆದಾಟ. ನಮ್ಮ ಕೈಯಲ್ಲಿ ಫೋನಿದ್ದೂ ನಮ್ಮ ಬೆಳೆಯನ್ನು ನಾವೇ ದಾಖಲಿಸದಿದ್ದರೆ ದೂರುವುದು ಯಾರನ್ನು?

ವಿಮೆಯದ್ದೂ ಗೊತ್ತಿರಲಿ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಮೂರು ದಿನ. ಕರೆಂಟಿಲ್ಲದೆ, ಸಿಗ್ನಲಿಲ್ಲದೆ ಎರಡು ದಿನ ಹಾಗೇ ಹೋಗುತ್ತದೆ. ಹಾನಿಯಾದ ಕೂಡಲೇ ದಿನಾಂಕ, ಸ್ಥಳ ಬರುವಂತೆ ಚಿತ್ರ ತೆಗೆದಿಟ್ಟರೆ ಮಾತಿಗೆ ಬಲ. ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಅಲ್ಲಿ ಲೆಕ್ಕ ಮಳೆ, ಉಷ್ಣತೆಯ ಅಂಕಿಯದ್ದು, ಫೋಟೋದ್ದಲ್ಲ. ಆದರೆ ಗಾಳಿಗೆ ಮರ ಬಿದ್ದು, ಬರೆ ಜರಿದು ಪರಿಹಾರಕ್ಕೆ ಅರ್ಜಿ ಹಾಕುವಾಗ "ಮೊದಲು ಹೇಗಿತ್ತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಿದ್ದ ಮೇಲಿನ ಚಿತ್ರ ಎಲ್ಲರೂ ತೆಗೆಯುತ್ತಾರೆ. ಬೀಳುವ ಮೊದಲಿನದ್ದು ಯಾರಲ್ಲಿ ಉಂಟು?

ತೆಗೆದರೆ ಸಾಲದು, ಉಳಿಸಬೇಕು. ಬೋರ್ಡೋ ಸಿಂಪಡಣೆಯ ದಿನ ಬಗ್ಗಿ ಡ್ರಮ್ಮು ಕಲಸುವಾಗ ನನ್ನ ಜೇಬಿನ ಫೋನು ದ್ರಾವಣದೊಳಗೆ ಬಿತ್ತು. ಕೊಳೆರೋಗ ಅದಕ್ಕೆ ಇನ್ನು ಬರಲಿಕ್ಕಿಲ್ಲ ಎಂದು ಮಗ ತಮಾಷೆ ಮಾಡಿದ. ಆದರೆ ನಾಲ್ಕು ವರ್ಷದ ಚಿತ್ರ ಹೋಯಿತು. ಈಗ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಹಾಕಿಸುತ್ತೇನೆ, ಇನ್ನೊಂದು ಪ್ರತಿ ಮಗನ ಕಂಪ್ಯೂಟರಿನಲ್ಲಿ. ವರ್ಷ, ತಿಂಗಳು, ತೋಟದ ಹೆಸರು ಹಾಕಿ ಬೇರೆ ಬೇರೆ ಕಟ್ಟು. ಎರಡು ಕಡೆ ಇಲ್ಲದ ಚಿತ್ರ ಇಲ್ಲದ ಹಾಗೆಯೇ.

ಒಂದು ಕಲ್ಲು, ಒಂದು ಚಿತ್ರ

ಕೊನೆಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ತೋಟದಲ್ಲಿ ಎಲ್ಲ ಕಾಣುವ ಒಂದು ಜಾಗ ಆರಿಸಿ. ಗುರುತಿಗೆ ಒಂದು ಕಲ್ಲು ಹಾಕಿ. ಪ್ರತಿ ತಿಂಗಳ ಒಂದನೇ ತಾರೀಕು ಆ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ಒಂದು ಚಿತ್ರ ತೆಗೆಯಿರಿ. ಒಂದೇ ಸಾಕು. ನಾನು ಸುರುಮಾಡಿ ಎರಡು ವರ್ಷವಾಯಿತು. ದಿನವೂ ನೋಡುವ ಕಣ್ಣಿಗೆ ತೋಟ ಇದ್ದ ಹಾಗೇ ಇತ್ತು. ಹನ್ನೆರಡು ಚಿತ್ರ ಸಾಲಾಗಿ ಇಟ್ಟು ನೋಡಿದಾಗ ಕೆಳಗಿನ ಮೂಲೆಯಲ್ಲಿ ಸೋಗೆಗಳು ತಿಂಗಳು ತಿಂಗಳಿಗೂ ಮೋಟಾಗುತ್ತಾ ಬಂದದ್ದು ಕಂಡಿತು. ಹೋಗಿ ನೋಡಿದರೆ ಅಲ್ಲಿ ಬಸಿಗಾಲುವೆ ಮುಚ್ಚಿಹೋಗಿತ್ತು. ಬಿಡಿಸಿದ್ದೇವೆ. ಈ ವರ್ಷದ ಸೋಗೆ ವಾಸಿ ಉಂಟು.

ನೆರೆಯ ಅಣ್ಣ ಕೇಳಿದರು, "ನಿನ್ನ ಫೋಟೋ ಎಲ್ಲಾ ಒಂದೇ ರೀತಿ ಉಂಟಲ್ಲ ಮಾರಾಯಾ, ಒಂದೂ ಚಂದ ಇಲ್ಲ."

ಚಂದ ಇಲ್ಲ, ಸರಿ. ಆದರೆ ಸುಳ್ಳೂ ಇಲ್ಲ.